ಎಚ್‌ಒ ಅಳತೆಯ ಮಾದರಿ ರೈಲು ಲೇಔಟ್‌ಗೆ ನಿಜವಾಗಿ ಓಡುವ ವ್ಯಾಗನ್ ಟಿಪ್ಲರ್ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಅದಿರಿನ ವ್ಯಾಗನ್ ಮಗುಚುವ ಟಿಪ್ಲರ್, ಅದರ ಕೆಳಗೆ ಮಾಲು ಹಿಡಿದು ಇಳಿಸುವ ಲಾಳಿಕೆಯಂಥ ಹಾಪರ್, ಅಲ್ಲಿಂದ ಮೇಲಕ್ಕೆ ಹೋಗುವ ಕನ್ವೇಯರ್. ಮೂರೂ ಸುಮ್ನೆ ನೋಡೋಕಲ್ಲ, ಕೆಲಸ ಮಾಡಬೇಕು ಅಂತ ಕೇಳಿದ್ದೀರಿ. ಯಾವ ಮೋಟಾರ್ ತಗೊಳ್ಳಲಿ ಅನ್ನೋದು ನಿಮ್ಮ ಮೊದಲ ಪ್ರಶ್ನೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಏನನ್ನು ಸುರಿಯುತ್ತೀರಿ ಅಂತ ತೀರ್ಮಾನ ಮಾಡಿ.

ನಾನು ಪುಣೆಯಲ್ಲಿದ್ದೇನೆ, ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮೇಂಟೆನೆನ್ಸ್ ಕೆಲಸ. ಊರು ಹೊಸಪೇಟೆ ಕಡೆ. ಅಲ್ಲಿಂದ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ, ಘಾಟಿ ಇಳಿದು ಗೋವಾದ ಮುರಗಾಂವ್ ಬಂದರಿಗೆ ಹೋಗುತ್ತಿದ್ದ ಅದಿರಿನ ರೇಕುಗಳನ್ನು ನೋಡಿಕೊಂಡೇ ಬೆಳೆದವನು. ಹಾಗಾಗಿ ನನ್ನ ಲೇಔಟ್‌ನಲ್ಲಿ ಇರೋದೂ ಆ ಬಂದರಿನ ಕೊನೆಯೇ.

ವಿಷಯಕ್ಕೆ ಬರೋಣ. ಎಚ್‌ಒದಲ್ಲಿ ಎಲ್ಲವನ್ನೂ 87ರಿಂದ ಭಾಗಿಸುತ್ತೇವೆ. 10.7 ಮೀಟರಿನ ಬಾಕ್ಸ್‌ಎನ್ (ಮೇಲ್ಭಾಗ ತೆರೆದ ಸರಕು ವ್ಯಾಗನ್) 123 ಮಿಲಿಮೀಟರ್ ಆಗುತ್ತದೆ. ಆದರೆ ಕಾಳು, ಪುಡಿ ಉರುಳುವ ರೀತಿ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಹಾಪರಿನ ಬಾಯಿ ಕಾಳಿನ ಗಾತ್ರದ ಐದಾರು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಕಾಳುಗಳೇ ಒಂದಕ್ಕೊಂದು ಒತ್ತಿಕೊಂಡು ಕಮಾನು ಕಟ್ಟಿ ನಿಂತುಬಿಡುತ್ತವೆ. ಮೇಲೆ ತುಂಬಿರುತ್ತದೆ, ಕೆಳಗೆ ಒಂದು ಕಾಳೂ ಬೀಳುವುದಿಲ್ಲ. ಗೋಡೆಯ ಇಳಿಜಾರು 60 ಡಿಗ್ರಿಗಿಂತ ಕಡಿಮೆ ಇಡಬೇಡಿ. ಫೋಟೊ ನೋಡಿ ಅಂದಾಜಿನ ಮೇಲೆ ಮಾಡಿದ ಹಾಪರ್‌ಗಳು ಸೋಲೋದು ಇಲ್ಲೇ.

ಮೊದಲ ಪರೀಕ್ಷೆಗೆ ರಾಗಿ ಬಳಸಿ. ತಮಾಷೆಯಲ್ಲ. ಬಳ್ಳಾರಿ ಅದಿರಿನ ಬಣ್ಣ, ದುಂಡನೆ ಕಾಳು, ಧೂಳು ಇಲ್ಲ, ಚೆಲ್ಲಿದರೆ ಗುಡಿಸಿ ತುಂಬಿಕೊಳ್ಳಬಹುದು. ಆದರೆ ರಾಗಿ ತೀರಾ ಸಲೀಸಾಗಿ ಜಾರುತ್ತದೆ. ಅದರಲ್ಲಿ ಪಾಸಾದರೆ ಅರ್ಧ ಪಾಸು ಅಷ್ಟೇ. ಆಮೇಲೆ ಇಟ್ಟಿಗೆ ಚೂರನ್ನು ಕುಟ್ಟಿ, ರವೆ ಜರಡಿಯಲ್ಲಿ ಜರಡಿ ಹಿಡಿದು, ಪುಡಿಯನ್ನೆಲ್ಲ ತೊಳೆದು ಒಣಗಿಸಿ ಹಾಕಿ. ಮೂಲೆ ಮೂಲೆಯಾಗಿರುವ ಆ ಚೂರು ಸರಾಗವಾಗಿ ಇಳಿದರೆ ನಿಮ್ಮ ಹಾಪರ್ ಗಟ್ಟಿ. ನಿಜವಾದ ಅದಿರಿನ ಪುಡಿ, ಕಬ್ಬಿಣದ ಅರದ ಪುಡಿ ಮಾತ್ರ ಬೇಡವೇ ಬೇಡ. ಇಂಜಿನ್ ಮೋಟಾರಿನೊಳಗೆ ಆಯಸ್ಕಾಂತ ಇದೆ, ಅಲ್ವಾ?

ಇನ್ನೊಂದು ಮಾತು. ಬಾಕ್ಸ್‌ಎನ್‌ನಲ್ಲಿ ಅದಿರನ್ನು ಅಂಚಿನವರೆಗೆ ತುಂಬಬೇಡಿ. ಅದಿರು ಅಷ್ಟು ಭಾರ, ನಿಜವಾದ ವ್ಯಾಗನ್ ಅರ್ಧ ತುಂಬುವುದರೊಳಗೆ ಅದರ ಮೂಲ 58 ಟನ್ ಮಿತಿ ಮುಗಿದುಹೋಗುತ್ತದೆ. ಆ 58 ಟನ್ ನಮ್ಮ ಅಳತೆಗೆ ಇಳಿಸಿದರೆ ಸುಮಾರು 90 ಗ್ರಾಂ. ರಾಗಿಯನ್ನು ಅಂಚಿನವರೆಗೆ ಸುರಿದರೂ ಅಷ್ಟು ತೂಗುವುದಿಲ್ಲ.

ಈಗ ಟಿಪ್ಲರ್. ವ್ಯಾಗನ್ ಹಿಡಿದು ತಿರುಗುವ ತೊಟ್ಟಿಲನ್ನು ವ್ಯಾಗನ್ ಸಮೇತ ತೂಗಿ ನೋಡಿ, ತೂಕದ ನಡುವಿನ ಹತ್ತಿರಕ್ಕೆ ತಿರುಗುವ ಅಚ್ಚು ಬರುವ ಹಾಗೆ ಮಾಡಿ. ಉಳಿದ ವ್ಯತ್ಯಾಸಕ್ಕೆ ಒಂದು ಬದಿಗೆ ನಟ್ಟು ಅಂಟಿಸಿ. ದೊಡ್ಡ ಟಿಪ್ಲರ್‌ಗಳಲ್ಲೂ ಹೀಗೇ ಎದುರು ತೂಕ ಇರುತ್ತದೆ. ಇಷ್ಟಾದ ಮೇಲೆ 12 ವೋಲ್ಟಿನ ನಿಧಾನದ ಗೇರ್ ಮೋಟಾರ್ ಯಾವುದಾದರೂ ಸಾಕು. ವರ್ಮ್ ಗೇರ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಕರೆಂಟ್ ಹೋದರೂ ತೊಟ್ಟಿಲು ತಾನಾಗಿ ತಿರುಗುವುದಿಲ್ಲ. ನಿಧಾನ ಮುಖ್ಯ. ಎರಡು ಸೆಕೆಂಡಿನಲ್ಲಿ ಮಗುಚಿದರೆ ಆಟಿಕೆ ಅನ್ನಿಸುತ್ತದೆ. ಮಗುಚುವುದಕ್ಕೇ ಅರ್ಧ ನಿಮಿಷ ಕೊಡಿ.

ತೊಟ್ಟಿಲು ತಿರುಗುವ ಎರಡೂ ಕೊನೆಗೆ, ಮುಟ್ಟಿದ ಕೂಡಲೇ ಕರೆಂಟ್ ಕಡಿಯುವ ಲಿಮಿಟ್ ಸ್ವಿಚ್; ಪ್ರತಿ ಸ್ವಿಚ್ಚಿಗೆ ಅಡ್ಡವಾಗಿ, ಒಂದೇ ದಿಕ್ಕಿಗೆ ಕರೆಂಟ್ ಬಿಡುವ 1ಎನ್4007 ಡಯೋಡ್ ಒಂದು. ಸ್ವಿಚ್ ಕಟ್ಟಾದ ಮೇಲೂ ಡಯೋಡ್ ಮೂಲಕ ಉಲ್ಟಾ ದಿಕ್ಕಿಗೆ ಕರೆಂಟ್ ಹರಿಯುತ್ತದೆ. ಹಾಗಾಗಿ ಕರೆಂಟಿನ ದಿಕ್ಕು ಬದಲಿಸುವ ಒಂದೇ ಡಿಪಿಡಿಟಿ ಸ್ವಿಚ್‌ನಲ್ಲಿ ಹೋಗೋದು ಬರೋದು ಎರಡೂ ಆಯಿತು. ಆರ್ಡುಯಿನೊ (ಪ್ರೋಗ್ರಾಂ ಬರೆದು ಓಡಿಸುವ ಸಣ್ಣ ಬೋರ್ಡ್) ಹಾಕಲೇಬೇಕು ಅನ್ನುವವರ ಮಾತು ಸದ್ಯಕ್ಕೆ ಕೇಳಬೇಡಿ. ಆದರೆ ತೊಟ್ಟಿಲ ಹಳಿ ವಾಪಸ್ ಬಂದು ಸರಿಯಾಗಿ ಕೂರಬೇಕಾದ್ದು ಸ್ವಿಚ್ಚಿನ ಮೇಲಲ್ಲ, ಒಂದು ಗಟ್ಟಿ ಲೋಹದ ತಡೆಯ ಮೇಲೆ. ಕೂತಿದೆಯೋ ಇಲ್ಲವೋ ನೋಡೋಕೆ ಒಂದು ಖಾಲಿ ವ್ಯಾಗನ್ನನ್ನು ಬೆರಳಲ್ಲಿ ಮೆಲ್ಲಗೆ ತಳ್ಳಿ. ಹಳಿ ಕೂಡುವಲ್ಲಿ ಕಣ್ಣಿಗೆ ಕಾಣದ ವ್ಯತ್ಯಾಸ ಬೆರಳಿಗೆ ಟಕ್ ಅಂತ ಸಿಗುತ್ತದೆ. ಇಂಜಿನ್ ತೊಟ್ಟಿಲ ಮೇಲೆ ಹೋಗದ ಹಾಗೆ ನೋಡಿಕೊಂಡರೆ ಆ ಹಳಿಗೆ ಕರೆಂಟೇ ಬೇಡ, ವೈರಿನ ತಲೆನೋವೂ ಇಲ್ಲ.

ಕನ್ವೇಯರ್ ಬೆಲ್ಟ್ ಒಂದು ಪಕ್ಕಕ್ಕೆ ಜರುಗುವುದು ಎಲ್ಲರ ದೂರು. ರೋಲರಿನ ನಡುವೆ ಒಂದು ಸುತ್ತು ತೆಳು ಟೇಪ್ ಸುತ್ತಿ. ಬೆಲ್ಟ್ ಎತ್ತರದ ಕಡೆಗೇ ಏರುತ್ತದೆ, ನಡುವಲ್ಲೇ ಓಡುತ್ತದೆ. ಏರು 15 ಡಿಗ್ರಿ ದಾಟಿಸಬೇಡಿ, ರಾಗಿ ಉರುಳಿ ವಾಪಸ್ ಬರುತ್ತದೆ.

ಪರೀಕ್ಷೆ ಲೇಔಟ್ ಮೇಲೆ ಅಲ್ಲ, ಬೇರೆ ಹಲಗೆಯ ಮೇಲೆ. ಫ್ಯಾಕ್ಟರಿಯಲ್ಲಿ ಹೊಸ ಮಷಿನ್ ಬಂದರೆ ಮೊದಲು ನೋ ಲೋಡ್ ಟ್ರಯಲ್, ಆಮೇಲೆ ಲೋಡ್ ಟ್ರಯಲ್. ಇಲ್ಲೂ ಅದೇ. ಖಾಲಿ ಓಡಿಸಿ, ಮಲ್ಟಿಮೀಟರ್‌ನಲ್ಲಿ ಮೋಟಾರ್ ಎಳೆಯುವ ಕರೆಂಟ್ ಬರೆದಿಡಿ. ವ್ಯಾಗನ್ ಇಟ್ಟು ಬರೆಯಿರಿ, ಮಾಲು ತುಂಬಿ ಬರೆಯಿರಿ. ಮುಂದೆ ಯಾವತ್ತಾದರೂ ಖಾಲಿ ಓಡುವಾಗಲೇ ಕರೆಂಟ್ ಜಾಸ್ತಿ ತೋರಿಸಿದರೆ ಎಲ್ಲೋ ಉಜ್ಜುತ್ತಿದೆ ಅಂತ ಅರ್ಥ, ಅಚ್ಚಿನೊಳಗೆ ಕಾಳು ಹೊಕ್ಕಿರಬಹುದು. ಒಂದು ಸಂಜೆ ಪೂರ್ತಿ ಪಕ್ಕದಲ್ಲಿ ಓಡಲಿ, ನೀವು ಟಿವಿ ನೋಡಿ. ಕೆಡಬೇಕಾದ್ದು ಹಲಗೆಯ ಮೇಲೇ ಕೆಡಲಿ.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಪುಣೆಯ ಏಪ್ರಿಲ್ ಒಣ ಹವೆಗೆ ಪ್ಲಾಸ್ಟಿಕ್ ವ್ಯಾಗನ್‌ನಲ್ಲಿ ಸ್ಟ್ಯಾಟಿಕ್ ಕೂತು ಪುಡಿ ಗೋಡೆಗೆ ಅಂಟುತ್ತದೆ. ಒಳಗೆ ಸ್ವಲ್ಪ ಗ್ರಾಫೈಟ್ ಪುಡಿ ಸವರಿ. ಜುಲೈ ಮಳೆಯಲ್ಲಿ ಅದೇ ಮಾಲು ತೇವ ಹೀರಿ ಗಂಟು ಕಟ್ಟುತ್ತದೆ. ಮಾಲನ್ನು ಡಬ್ಬಿಯಲ್ಲಿ ಮುಚ್ಚಿಡಿ. ರಾಗಿಯನ್ನು ಲೇಔಟ್ ಮೇಲೆ ಬಿಟ್ಟು ಮಲಗಿದರೆ ಇಲಿಗೆ ಹಬ್ಬ, ನಿಮಗೆ ವೈರಿಂಗ್ ಕೆಲಸ.

ಸಾಮಾನು ಪುಣೆಯ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಹುಡುಕಿ, ಮುಂಬೈಗೆ ಹೋದರೆ ಲ್ಯಾಮಿಂಗ್ಟನ್ ರೋಡ್. ಕೋಥ್ರೂಡ್ ಕಡೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ 1998ರಿಂದ ಇದೆ, ಇನ್ನೂ ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ. ರೈಲಿಗಿಂತ ಅಲ್ಲಿ ಓಡಾಡುವ ಬೇರೆ ಸಣ್ಣಪುಟ್ಟ ಯಂತ್ರಗಳನ್ನು ಗಮನಿಸಿ. ಟಿಪ್ಲರನ್ನು ಲೇಔಟ್‌ಗೆ ಕೂರಿಸುವಾಗ ಅಂಟು ಹಾಕಬೇಡಿ. ನಾಲ್ಕು ಸ್ಕ್ರೂ, ಒಂದು ಕನೆಕ್ಟರ್. ಕೆಳಗೆ ಒಂದು ತಟ್ಟೆ ಕೂಡ ಇಡಿ, ಚೆಲ್ಲಿದ್ದು ಹಳಿ ಬದಲಿಸುವ ಪಾಯಿಂಟ್ಸ್‌ಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ.