ಶೇಕಡಾ ಒಂಬತ್ತು ಬಂದರೆ ನೆಮ್ಮದಿಯೇ?

ಪ್ರಶ್ನೆ: ನನ್ನ ಪಿಎಚ್‌ಡಿ ಪ್ರಬಂಧದ ಸಿಮಿಲಾರಿಟಿ ರಿಪೋರ್ಟ್‌ನಲ್ಲಿ ಶೇ. 9 ಬಂದಿದೆ. ಹತ್ತರೊಳಗೇ ಇದೆಯಲ್ಲ, ಇನ್ನು ಕೃತಿಚೌರ್ಯದ ಮಾತೇ ಬರುವುದಿಲ್ಲ ಎನ್ನುತ್ತಾರೆ ಗೆಳತಿಯರು. ನಂಬಬಹುದೇ?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಬರಹ ಬೇರೆ ಬರಹಗಳಿಗೆ ಎಷ್ಟು ತಾಳೆಯಾಗುತ್ತದೆ ಎಂದು ಸಾಫ್ಟ್‌ವೇರ್ ಎಣಿಸಿ ಕೊಡುವ ಆ ಅಂಕಿ ತೋರಿಸುವುದು ಹೋಲಿಕೆಯನ್ನು ಮಾತ್ರ. ಕದ್ದದ್ದು ಹೌದೋ ಅಲ್ಲವೋ ಎಂದು ಹೇಳುವುದು ಓದಿ ನೋಡಿದವರ ಕಣ್ಣು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಶೇ. 10ರವರೆಗೆ ದಂಡನೆಯಿಲ್ಲ. 10 ದಾಟಿ 40ರವರೆಗೆ ಬಂದರೆ ಹೆಚ್ಚೆಂದರೆ ಆರು ತಿಂಗಳೊಳಗೆ ತಿದ್ದಿದ ಪ್ರತಿ ಕೊಡಬೇಕು. 40 ದಾಟಿ 60ರವರೆಗೆ ಆದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ. 60 ದಾಟಿತೋ, ನೋಂದಣಿಯೇ ರದ್ದು. ಮೂಲ ಹೇಳಿ ಕೊಟ್ಟ ಉದ್ಧರಣೆ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ರಿಪೋರ್ಟ್ ತೆಗೆಯುವಾಗ ಇವನ್ನು ಕೈಬಿಟ್ಟಿದ್ದರೇ ಎಂದು ಗ್ರಂಥಾಲಯದಲ್ಲಿ ಮೊದಲು ಕೇಳಿಕೊಳ್ಳಿ.

ಆಮೇಲೆ ಅಂಕಿ ಬಿಟ್ಟು ಬಣ್ಣ ಹಚ್ಚಿದ ಸಾಲುಗಳನ್ನೇ ನೋಡಿ. 250 ಪುಟಗಳಲ್ಲಿ ಶೇ. 9 ಎಂದರೆ ಇಪ್ಪತ್ತೆರಡು ಪುಟಕ್ಕೂ ಮೇಲೆ. ಅದು ‘ಈ ಅಧ್ಯಯನದ ಮುಖ್ಯ ಉದ್ದೇಶ’ದಂಥ ರೂಢಿಯ ಮಾತುಗಳಾಗಿ ಅಲ್ಲಲ್ಲಿ ಚದುರಿದ್ದರೆ ಚಿಂತೆಯಿಲ್ಲ. ಒಂದೇ ಪುಸ್ತಕದ ನಾಲ್ಕು ಪುಟ ಒಂದೇ ಕಡೆ ಕೂತಿದ್ದು, ಆ ಲೇಖಕರ ಹೆಸರೇ ಇಲ್ಲದಿದ್ದರೆ ಅದು ಚೌರ್ಯವೇ. ಶೇ. 9 ಅದನ್ನು ಮುಚ್ಚುವುದಿಲ್ಲ.

ಸಾಫ್ಟ್‌ವೇರ್ ಕಣ್ಣಿಗೆ ಬೀಳದ ಚೌರ್ಯವೂ ಇದೆ. ನಿಮ್ಮ ಆಕರದಲ್ಲಿ ಹೀಗೊಂದು ವಾಕ್ಯವಿದೆ ಎಂದುಕೊಳ್ಳಿ: ‘ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ತೀರ್ಮಾನಿಸುತ್ತಿದ್ದವನು ನೀರುಗಂಟಿ, ಆದ್ದರಿಂದ ಬರಗಾಲದಲ್ಲಿ ಅವನ ಮಾತಿಗೆ ಶಾನುಭೋಗರ ಮಾತಿಗಿಂತ ತೂಕವಿತ್ತು.’ ಇದನ್ನು ‘ಕೆರೆಯ ಜಲವನ್ನು ಯಾವ ಹೊಲಕ್ಕೆ ಎಷ್ಟು ಸಮಯ ಹರಿಸಬೇಕೆಂದು ನಿರ್ಧರಿಸುತ್ತಿದ್ದವನು ನೀರುಗಂಟಿ, ಹೀಗಾಗಿ ಕ್ಷಾಮದಲ್ಲಿ ಅವನ ನುಡಿಗೆ ಶಾನುಭೋಗರ ನುಡಿಗಿಂತ ಬೆಲೆಯಿತ್ತು’ ಎಂದು ಬರೆದರೆ ಪದಗಳು ಬದಲಾದವು, ಹೋಲಿಕೆ ಇಳಿಯಿತು. ವಾಕ್ಯದ ಎಲುಬು, ವಾದ ಎರಡೂ ಮೂಲದವರದೇ. ಅವಸರದಲ್ಲಿ ಗದ್ದೆ ಹೋಗಿ ಹೊಲವಾಗಿ ಅರ್ಥವೂ ಕೆಟ್ಟಿತು. ಸರಿಯಾದ ದಾರಿ: ಪುಸ್ತಕ ಮುಚ್ಚಿಟ್ಟು, ತಿಳಿದದ್ದನ್ನು ಬರೆದು, ಮತ್ತೆ ತೆರೆದು ಸರಿನೋಡಿ. ‘ನೀರು ಹಂಚುವ ಅಧಿಕಾರವೇ ಬರದ ವರ್ಷಗಳಲ್ಲಿ ನೀರುಗಂಟಿಯನ್ನು ಶಾನುಭೋಗರಿಗಿಂತ ಮೇಲೆ ನಿಲ್ಲಿಸಿತು ಎಂಬುದು ಇಂಥವರ ವಾದ’ ಎಂದು ಬರೆದು ಹೆಸರು, ವರ್ಷ, ಪುಟ ಕೊಡಿ. ನಿಮ್ಮ ಕ್ಷೇತ್ರಕಾರ್ಯದಲ್ಲಿ ಕಂಡದ್ದು ಇದಕ್ಕೆ ಹೊಂದುತ್ತದೆಯೇ ಎಂಬುದನ್ನು ಅದರ ಬೆನ್ನಿಗೇ ಹೇಳಿ. ಪರೀಕ್ಷಕರು ಹುಡುಕುವುದು ಆ ಕೊನೆಯ ಮಾತನ್ನೇ.

ಪ್ರಶ್ನೆ: ಕನ್ನಡದಲ್ಲಿ ಪ್ರಬಂಧ ಬರೆಯುತ್ತಿದ್ದೇನೆ. ಇಂಗ್ಲಿಷ್ ಪುಸ್ತಕಗಳಿಂದ ಕೆಲವು ಭಾಗ ಅನುವಾದಿಸಿಕೊಂಡೆ. ರಿಪೋರ್ಟ್‌ನಲ್ಲಿ ಶೇ. 2 ಮಾತ್ರ ಬಂತು. ಅನುವಾದ ನನ್ನದೇ ಶ್ರಮವಲ್ಲವೇ?
— ಅತಿಥಿ ಉಪನ್ಯಾಸಕ, ಹಾಸನ

ಉತ್ತರ: ಶ್ರಮ ನಿಮ್ಮದು, ವಿಚಾರ ಅವರದು. ಅನುವಾದಕ್ಕೂ ಮೂಲದ ಪುಟ ಸಹಿತ ಉಲ್ಲೇಖ ಬೇಕು. ಸಾಲುಸಾಲಾಗಿ ತಂದಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ ‘ಅನುವಾದ ನನ್ನದು’ ಎಂದು ಅಡಿಟಿಪ್ಪಣಿ ಕೊಡಿ.

ಆ ಶೇ. 2ನ್ನು ನಂಬಬೇಡಿ. ಬೆರಳಚ್ಚು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ, ನಮಗೆ ಕನ್ನಡವಾಗಿ ಕಂಡದ್ದು ಒಳಗೆ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿರುತ್ತದೆ. ಕಂಪ್ಯೂಟರ್ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯುನಿಕೋಡ್ ಪಠ್ಯಗಳೊಂದಿಗೆ ಅದು ತಾಳೆಯಾಗುವುದೇ ಇಲ್ಲ. ಫಾಂಟನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಕೆಟ್ಟಿವೆಯೇ ಎಂದು ನಾಲ್ಕು ಪುಟ ಓದಿ, ಮತ್ತೆ ರಿಪೋರ್ಟ್ ತೆಗೆಸಿ. ಅಷ್ಟಾದರೂ ಅಂತರ್ಜಾಲಕ್ಕೆ ಬಾರದ ಹಳೆಯ ಕನ್ನಡ ಪುಸ್ತಕಗಳು ಅದಕ್ಕೆ ಕಾಣವು. ನಿಮ್ಮ ವಿಷಯ ಬಲ್ಲ ಪರೀಕ್ಷಕರಿಗೆ ಎರಡು ಸಾಲು ಓದಿದರೆ ಸಾಕು, ಗೊತ್ತಾಗುತ್ತದೆ.

ಇನ್ನೊಂದು ಮಾತು, ಶಾಸನಗಳನ್ನು ಬಳಸುವವರಿಗೆ. ಬೇರೆಯವರ ಅಡಿಟಿಪ್ಪಣಿಯಿಂದ ಶಾಸನಗಳ ಸಂಪುಟಮಾಲೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶಾಸನಸಂಖ್ಯೆ ಎತ್ತಿಕೊಂಡು, ಸಂಪುಟವನ್ನು ತಾವೇ ನೋಡಿದಂತೆ ಬರೆಯುವ ರೂಢಿ ಬಹಳ ಇದೆ. ಈ ಮಾಲೆಯನ್ನು ಮೊದಲು ಹೊರತಂದ ಬಿ. ಎಲ್. ರೈಸ್ ಅವರ ಹಳೆಯ ಸಂಪುಟಗಳಿಗೂ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಿಗೂ ಕ್ರಮಸಂಖ್ಯೆ ಬೇರೆ. ಒಬ್ಬರ ಅಚ್ಚಿನ ತಪ್ಪು ಹೀಗೆ ಪ್ರಬಂಧದಿಂದ ಪ್ರಬಂಧಕ್ಕೆ ದಾಟುತ್ತದೆ. ಮುಂದೆ ಆ ಶಾಸನ ಹುಡುಕಿಕೊಂಡು ಹೋದವರಿಗೆ ಅಲ್ಲಿ ಬೇರೇನೋ ಸಿಗುತ್ತದೆ. ಮೂಲ ನೋಡಿಲ್ಲದಿದ್ದರೆ ‘ಇಂಥವರಲ್ಲಿ ಉದ್ಧೃತ’ ಎಂದು ಬರೆಯಿರಿ. ಅದರಲ್ಲಿ ಕುಂದೇನೂ ಇಲ್ಲ.

ಪ್ರಶ್ನೆ: ಪತ್ರಿಕೆಯಲ್ಲಿ ಪ್ರಕಟವಾದ ನನ್ನದೇ ಲೇಖನವನ್ನು ಪ್ರಬಂಧದ ಅಧ್ಯಾಯವಾಗಿ ಸೇರಿಸಬಹುದೇ?
— ಓದುಗರು, ಕಲಬುರಗಿ

ಉತ್ತರ: ಸೇರಿಸಬಹುದು, ಹೇಳಿ ಸೇರಿಸಿ. ಹಿಂದೆ ಪ್ರಕಟಿಸಿದ್ದನ್ನು ಉಲ್ಲೇಖವಿಲ್ಲದೆ ಮತ್ತೆ ಬಳಸುವುದನ್ನು ಯುಜಿಸಿ 2020ರ ಸೂಚನೆಯಲ್ಲಿ ಸ್ವಕೃತಿಚೌರ್ಯವೆಂದೇ ಕರೆದಿದೆ. ಅಧ್ಯಾಯದ ಮೊದಲ ಪುಟದ ಅಡಿಯಲ್ಲಿ ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ವರ್ಷ ಕೊಡಿ. ರಿಪೋರ್ಟ್‌ನಲ್ಲಿ ಆ ಲೇಖನವೇ ಹೋಲಿಕೆಯಾಗಿ ಬಂದರೆ, ಅದು ನಿಮ್ಮದೆಂದು ಮಾರ್ಗದರ್ಶಕರಿಂದ ಪ್ರಮಾಣಪತ್ರ ಬರೆಸಿ, ಲೇಖನದ ಪ್ರತಿಯೊಂದಿಗೆ ಲಗತ್ತಿಸಿ.