ಹೊರದಬ್ಬಿದ ಊರೇ ಕರೆದು ಮಣೆ ಹಾಕಿದಾಗ

ಓದುಗರ ಪತ್ರ: ಯಹೂದಿ ವೃದ್ಧೆ ಮಾರ್ಗೋಟ್ ಫ್ರೀಡ್‌ಲೆಂಡರ್ ಅವರಿಗೆ ಬರ್ಲಿನ್ ನಗರ ಗೌರವ ಪೌರತ್ವ ಕೊಟ್ಟದ್ದನ್ನು ನಿಮ್ಮ ಪತ್ರಿಕೆ ಮೆಚ್ಚಿ ಬರೆದಿತ್ತು. ಹೆತ್ತವಳನ್ನೂ ಒಡಹುಟ್ಟಿದವನನ್ನೂ ಸಾವಿಗೆ ಅಟ್ಟಿದ ಊರು ಕೊನೆಗಾಲದಲ್ಲಿ ಹಾರ ಹಾಕಿದರೆ ಪಾಪ ಕಳೆಯುತ್ತದೆಯೇ? ಆಕೆಯಾದರೂ ಅದನ್ನು ಏಕೆ ಸ್ವೀಕರಿಸಬೇಕಿತ್ತು?

ಸಂಪಾದಕರ ಉತ್ತರ: ಪಾಪ ಕಳೆಯುವುದಿಲ್ಲ. ಅಷ್ಟರಮಟ್ಟಿಗೆ ನಾನು ನಿಮ್ಮ ಪಕ್ಷವೇ. ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಬೇಕು.

1943ರ ಜನವರಿ 20. ಇಪ್ಪತ್ತೊಂದು ವರ್ಷದ ಮಾರ್ಗೋಟ್ ಬರ್ಲಿನ್ನಿನ ಸ್ಕಾಲಿಟ್ಸರ್ ಬೀದಿಯ ಮನೆಗೆ ಬಂದಾಗ ಬಾಗಿಲ ಬಳಿ ಅಪರಿಚಿತನೊಬ್ಬ ನಿಂತಿದ್ದ. ಯಹೂದಿಗಳು ಗುರುತಿಗೆಂದು ಧರಿಸಲೇಬೇಕಿದ್ದ, ಕೋಟಿನ ಮೇಲಿನ ಹಳದಿ ನಕ್ಷತ್ರಕ್ಕೆ ಕೈಚೀಲ ಅಡ್ಡ ಹಿಡಿದು, ಅದು ತನ್ನ ಮನೆಯೇ ಅಲ್ಲವೆಂಬಂತೆ ಮೆಟ್ಟಿಲೇರಿ ನೆರೆಯವರಲ್ಲಿಗೆ ಹೋದರು. ಹದಿನೇಳರ ತಮ್ಮ ರಾಲ್ಫ್‌ನನ್ನು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಹಿಡಿದೊಯ್ದಿತ್ತು. ಅವನೊಬ್ಬನನ್ನೇ ಬಿಡಲಾರದೆ ತಾಯಿ ತಾವಾಗಿ ಪೊಲೀಸರ ಬಳಿಗೆ ಹೋಗಿದ್ದರು. ಮಗಳಿಗೆ ಉಳಿದದ್ದು ಒಂದು ಅಂಬರ್ ಮಣಿಸರ, ವಿಳಾಸಗಳ ಪುಟ್ಟ ಪುಸ್ತಕ ಮತ್ತು ನೆರೆಯವರ ಬಾಯಲ್ಲಿ ಹೇಳಿಕಳಿಸಿದ ಮಾತು: ನಿನ್ನ ಬಾಳು ಕಟ್ಟಿಕೊಳ್ಳಲು ನೋಡು. ತಾಯಿ, ತಮ್ಮ ಇಬ್ಬರೂ ನಾಜಿಗಳ ಹತ್ಯಾ ಶಿಬಿರವಾದ ಆಶ್‌ವಿಟ್ಜ್‌ನಲ್ಲಿ ಹತರಾದರು.

ಮಾರ್ಗೋಟ್ ಕೂದಲಿಗೆ ಕೆಂಪು ಬಣ್ಣ ಹಾಕಿಕೊಂಡು, ಮೂಗಿನ ಆಕಾರ ಬದಲಿಸಿಕೊಂಡು ಹದಿನೈದು ತಿಂಗಳು ಅದೇ ಊರಿನಲ್ಲಿ ತಲೆಮರೆಸಿಕೊಂಡರು. ನೀವು 'ಊರು' ಎಂದು ಒಂದೇ ಪದದಲ್ಲಿ ಹೇಳಿದಿರಲ್ಲ, ಅದರೊಳಗೆ ಜೀವದ ಹಂಗು ತೊರೆದು ಇವರಿಗೆ ಹಾಸಿಗೆ, ತುತ್ತು ಕೊಟ್ಟ ಜರ್ಮನರೂ ಇದ್ದರು. 1944ರಲ್ಲಿ ಹಿಡಿದುಕೊಟ್ಟವರು ಗೆಸ್ಟಾಪೊ ಕೆಲಸಕ್ಕೆ ಇಳಿದಿದ್ದ ಯಹೂದಿಗಳು. ಮುಂದೆ ಟೆರೇಜಿನ್‌ಷ್ಟಾಟ್ ಶಿಬಿರ, ಅಲ್ಲೇ ಮದುವೆ, 1946ರಲ್ಲಿ ನ್ಯೂಯಾರ್ಕ್. ಪತಿ ಅಡಾಲ್ಫ್ ಜರ್ಮನಿಯತ್ತ ತಲೆಹಾಕಿಯೂ ಮಲಗಲೊಲ್ಲರು. 1997ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ಇದ್ದರು. ಅವರ ನಿಲುವು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

2003ರಲ್ಲಿ ಬರ್ಲಿನ್ ಆಡಳಿತದ ಆಹ್ವಾನದ ಮೇಲೆ ಮಾರ್ಗೋಟ್ ಊರು ನೋಡಲು ಬಂದರು. 2010ರಲ್ಲಿ, ಎಂಬತ್ತೆಂಟರ ವಯಸ್ಸಿನಲ್ಲಿ, ಅಲ್ಲೇ ನೆಲೆಸಲು ಬಂದರು. ನನಗೆ ಮುಖ್ಯವೆನಿಸುವುದು ಆಮೇಲಿನದು. ಸನ್ಮಾನವೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ವೇದಿಕೆ, ಶಾಲು, ಹಣ್ಣಿನ ಬುಟ್ಟಿ. ಹಿರಿಯರು ಎರಡು ಮಾತಾಡುವಷ್ಟರಲ್ಲಿ ಊಟಕ್ಕೆ ಹೊತ್ತಾಯಿತೆಂಬ ಅವಸರ. ಬರ್ಲಿನ್ನಿನ ಶಾಲೆಗಳು ಅವರ ಮುಂದೆ ಮಕ್ಕಳನ್ನು ಕೂರಿಸಿದವು. ವರ್ಷಗಟ್ಟಲೆ ಅವರು ತರಗತಿಯಿಂದ ತರಗತಿಗೆ ಹೋಗಿ ಆ ಮೆಟ್ಟಿಲಿನ ಕಥೆ ಹೇಳಿದರು. ಮಕ್ಕಳ ಮೇಲೆ ತಪ್ಪು ಹೊರಿಸಲಿಲ್ಲ; ಮತ್ತೆ ಹೀಗಾಗದಂತೆ ನೋಡಿಕೊಳ್ಳುವ ಹೊಣೆ ನಿಮ್ಮದು, ಮನುಷ್ಯರಾಗಿರಿ ಎಂದರು. ದನಿಯಿಲ್ಲದೆ ಹೋದವರ ಪರವಾಗಿ ಮಾತಾಡಲು ಮರಳಿದೆ ಎನ್ನುತ್ತಿದ್ದರು. 2018ರ ಗೌರವ ಪೌರತ್ವ ಬಂದದ್ದು ಇದರ ನಂತರ. ಅದನ್ನು ಅವರು ತಾಯಿಯ, ತಮ್ಮನ ಸಾವಿಗೆ ಪರಿಹಾರವೆಂದು ಪಡೆದರೆಂದು ನನಗೆ ಅನ್ನಿಸುವುದಿಲ್ಲ. ಹುಟ್ಟೂರು ತನ್ನದೂ ಹೌದೆಂಬ ಹಕ್ಕನ್ನು ಕೊಲೆಗಾರರಿಗೆ ಬಿಟ್ಟುಕೊಡಲು ಅವರು ಒಪ್ಪಲಿಲ್ಲ.

2025ರ ಮೇ 7ರಂದು, ಎರಡನೆಯ ಮಹಾಯುದ್ಧ ಮುಗಿದ ಎಂಬತ್ತನೆಯ ವರ್ಷದ ಸ್ಮರಣೆಗೆ, ನೂರಮೂರು ವರ್ಷದ ಮಾರ್ಗೋಟ್ ಬರ್ಲಿನ್ನಿನ ಪುರಭವನದಲ್ಲಿ ಮತ್ತೊಮ್ಮೆ ಮಾತಾಡಿದರು. ಮೇ 9ರಂದು ಜರ್ಮನಿಯ ಅಂದಿನ ಅಧ್ಯಕ್ಷ ಷ್ಟೈನ್‌ಮಯರ್ ಅವರ ಕೈಯಿಂದ ದೇಶದ ಇನ್ನೊಂದು ದೊಡ್ಡ ಪದಕ ಪಡೆಯುವವರಿದ್ದರು. ಅಂದೇ ತೀರಿಕೊಂಡರು.