ಪ್ರತಿಕ್ರಿಯೆ: ಡಿಮಾರ್ಟ್ ಷೇರು ಒಂದೇ ದಿನ 8% ಬಿತ್ತು, ಮಾರಲಾ, ಇನ್ನಷ್ಟು ಕೊಂಡು ಆವರೇಜ್ ಮಾಡಲಾ (ಅಂದ್ರೆ ಕೊಂಡ ಸರಾಸರಿ ಬೆಲೆ ಇಳಿಸಿಕೊಳ್ಳಲಾ)?

ಸೋಮವಾರದ ಕುಸಿತಕ್ಕೆ ಕಾರಣ ಶನಿವಾರ, 2024ರ ಅಕ್ಟೋಬರ್ 12ರಂದು ಬಂದ ತ್ರೈಮಾಸಿಕ ಫಲಿತಾಂಶ. ಮಾರಾಟ ಸುಮಾರು 14% ಏರಿದರೂ ಲಾಭ ಏರಿದ್ದು 6%ರ ಆಸುಪಾಸು ಮಾತ್ರ. ಅದಕ್ಕಿಂತ ಮುಖ್ಯವಾದದ್ದು ಎರಡು ವರ್ಷಕ್ಕಿಂತ ಹಳೆಯ ಅಂಗಡಿಗಳ ಬೆಳವಣಿಗೆ. ಹಿಂದಿನ ತ್ರೈಮಾಸಿಕದಲ್ಲಿ 9.1% ಇದ್ದದ್ದು ಈ ಫಲಿತಾಂಶದಲ್ಲಿ 5.5%. ದೊಡ್ಡ ನಗರಗಳ ಅಂಗಡಿಗಳಿಗೆ ಆನ್‌ಲೈನ್ ದಿನಸಿಯ ಏಟು ಬಿದ್ದಿದೆ ಅಂತ ಕಂಪನಿಯೇ ಹೇಳಿದೆ.

ಮೊದಲು ಒಂದು ವಿಷಯ ನೋಡಿ. ಬ್ರೋಕರ್ ಕೊಟ್ಟ ಸಾಲದಲ್ಲಿ, ಅಂದ್ರೆ ಎಂಟಿಎಫ್‌ನಲ್ಲಿ ಕೊಂಡಿದ್ದರೆ ಆ ಭಾಗವನ್ನು ಇಂದೇ ಕಡಿಮೆ ಮಾಡಿಕೊಳ್ಳಿ. ಬೆಲೆ ಇನ್ನೂ ಇಳಿದರೆ ಬ್ರೋಕರ್ ಮಾರ್ಜಿನ್, ಅಂದ್ರೆ ಭದ್ರತೆಗೆ ಇನ್ನಷ್ಟು ಹಣ ಕೇಳುತ್ತಾರೆ, ಕಟ್ಟದಿದ್ದರೆ ಅವರೇ ಮಾರಿಬಿಡುತ್ತಾರೆ.

ಸ್ವಂತ ದುಡ್ಡಾದರೆ ಅವಸರ ಬೇಡ. ಮುಂಬೈ ಷೇರುಪೇಟೆ ಬಿಎಸ್‌ಇಯ ವೆಬ್‌ಸೈಟ್‌ನಲ್ಲಿ ಅವೆನ್ಯೂ ಸೂಪರ್‌ಮಾರ್ಟ್ಸ್ (ಡಿಮಾರ್ಟ್ ನಡೆಸುವ ಕಂಪನಿ) ಅಂತ ಹುಡುಕಿ, ಕಂಪನಿಯ ಪತ್ರಿಕಾ ಹೇಳಿಕೆ ಓದಿ. ಎರಡು-ಮೂರು ಪುಟ ಅಷ್ಟೇ. ಇಷ್ಟಕ್ಕೆ ಏರುತ್ತದೆ ಅಂತ ಟೆಲಿಗ್ರಾಂ ಗುಂಪುಗಳು ಕೊಡುವ ಟಾರ್ಗೆಟ್ ನಂಬಬೇಡಿ.

ಆವರೇಜ್ ಮಾತ್ರ ಈಗ ಬೇಡ ಅಂತ ನನ್ನ ಖಚಿತ ಅಭಿಪ್ರಾಯ. ಬೆಲೆ ಇಳಿದಿದೆ, ಆದರೆ ಲಾಭಕ್ಕೆ ಹೋಲಿಸಿದರೆ ಈ ಷೇರು ಇನ್ನೂ ದುಬಾರಿಯೇ. ಮುಂದಿನ ತ್ರೈಮಾಸಿಕ ಫಲಿತಾಂಶದಲ್ಲಿ ಹಳೆಯ ಅಂಗಡಿಗಳ ಬೆಳವಣಿಗೆ ಎತ್ತ ಹೋಗುತ್ತದೆ ನೋಡಿ. ಷೇರು ಇಲ್ಲಿಂದ ಏರುತ್ತದಾ, ಬೀಳುತ್ತದಾ ಅಂತ ಯಾರೂ ಹೇಳಲಾರರು.

ಮಾರುವುದೇ ಆದರೆ ಕೊಂಡ ತಾರೀಖು ನೋಡಿಕೊಳ್ಳಿ. ಲಾಭದಲ್ಲಿದ್ದು ವರ್ಷ ತುಂಬಿಲ್ಲದಿದ್ದರೆ ತೆರಿಗೆ 20%. ತುಂಬಿದ್ದರೆ 1.25 ಲಕ್ಷ ದಾಟಿದ ಲಾಭಕ್ಕೆ 12.5%. ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರ್ ಹಾಕದೆ, ನೀವೇ ಕನಿಷ್ಠ ಬೆಲೆ ನಿಗದಿ ಮಾಡುವ ಲಿಮಿಟ್ ಆರ್ಡರ್ ಹಾಕಿ.